ಹಳೆಯ ಎಕ್ಸ್‌ಟೆಂಡರ್‌ನಲ್ಲೇ 4ಕೆ ಓಡಿಸಿದೆ: ನನ್ನ ಅನುಭವ

“ಎಕ್ಸ್‌ಟೆಂಡರ್ ಮೂಲಕ 4ಕೆ ಓಡುವುದಿಲ್ಲ ಅಣ್ಣಾ, ಸುಮ್ಮನೆ ಮೆಶ್ ತೆಗೆದುಕೊಂಡುಬಿಡು” ಎಂದು ತಮ್ಮ ಹೇಳಿ ಐದು ತಿಂಗಳಾಗಿರಬೇಕು. ಎಕ್ಸ್‌ಟೆಂಡರ್ ಎಂದರೆ ರೂಟರ್‌ನ ವೈಫೈ ಹಿಡಿದು ಮುಂದಕ್ಕೆ ಹಾಯಿಸುವ ಪೆಟ್ಟಿಗೆ; ಮೆಶ್ ಎಂದರೆ ಒಂದೇ ಜಾಲವಾಗಿ ಕೆಲಸ ಮಾಡುವ ಹಲವು ವೈಫೈ ಪೆಟ್ಟಿಗೆಗಳ ಜೋಡಣೆ. ಈ ಕೆಲಸ ಬಲ್ಲ ಗೆಳೆಯರೂ ಅದನ್ನೇ ಹೇಳಿದ್ದರು. ಈಗ ಅದೇ ಎಕ್ಸ್‌ಟೆಂಡರ್ ಮೂಲಕ ಜೆಲ್ಲಿಫಿನ್‌ನಿಂದ (ಮನೆಯ ಕಂಪ್ಯೂಟರ್‌ನಲ್ಲಿಟ್ಟ ಚಿತ್ರಗಳನ್ನು ಟಿವಿಗೆ ಕಳಿಸುವ ಸರ್ವರ್ ತಂತ್ರಾಂಶ) ಸರಾಸರಿ 60 ಎಂಬಿಪಿಎಸ್‌ನ (ಸೆಕೆಂಡಿಗೆ 60 ಮೆಗಾಬಿಟ್) ಫೈಲ್ ಎರಡೂವರೆ ಗಂಟೆ ಒಮ್ಮೆಯೂ ತಡೆಯದೆ ಓಡುತ್ತಿದೆ.

ಮೊದಲು ದಂಡವಾದ ಹಣದ ಲೆಕ್ಕ. ಚಿತ್ರ ನಿಂತು ನಿಂತು ಬರುತ್ತಿದ್ದಾಗ ನಾನು ಸರ್ವರ್ ಮೇಲೆ ಅನುಮಾನಪಟ್ಟು ರ್‍ಯಾಮ್ ದುಪ್ಪಟ್ಟು ಮಾಡಿಸಿದೆ. ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡ್ ನೋಡಿದರೆ ಪ್ರತಿ ಸಲವೂ ಟ್ರಾನ್ಸ್‌ಕೋಡ್ ಆಗುತ್ತಿತ್ತು, ಅಂದರೆ ಸರ್ವರ್ ಚಿತ್ರವನ್ನು ಹೊಸದಾಗಿ ಪರಿವರ್ತಿಸಿ ಕಳಿಸುತ್ತಿತ್ತು. ಕಾರಣ ಪಿಜಿಎಸ್ ಸಬ್‌ಟೈಟಲ್, ಅಕ್ಷರಗಳನ್ನು ಚಿತ್ರರೂಪದಲ್ಲಿ ಇಡುವಂಥದ್ದು. ಟಿವಿಯ ಆ್ಯಪ್ ಅದನ್ನು ತೋರಿಸಲಾರದು, ಸರ್ವರ್ ಅದನ್ನು ಚಿತ್ರದೊಳಗೇ ಅಚ್ಚೊತ್ತಿ ಕಳಿಸುತ್ತಿತ್ತು. ಬರೀ ಪಠ್ಯವಿರುವ ಎಸ್‌ಆರ್‌ಟಿ ಸಬ್‌ಟೈಟಲ್ ಹಾಕಿದೊಡನೆ ಡೈರೆಕ್ಟ್ ಪ್ಲೇ (ಫೈಲ್ ಇದ್ದ ಹಾಗೇ ಟಿವಿಗೆ ಹೋಗುವುದು) ಬಂತು, ಸಿಪಿಯು ತಣ್ಣಗಾಯಿತು. ಆದರೆ ತಡೆ ಇನ್ನೂ ಹೆಚ್ಚಿತು! ಮೊದಲು ಸರ್ವರ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತಿತ್ತು, ಈಗ ಪೂರ್ತಿ ಭಾರ ವೈಫೈ ಮೇಲೆಯೇ ಬಿತ್ತು.

ಎರಡನೆಯ ದಂಡ ಇನ್ನೂ ದೊಡ್ಡದು. ಮತ್ತೊಂದು ಎಕ್ಸ್‌ಟೆಂಡರ್ ತಂದು ಮೊದಲನೆಯದರ ಹಿಂದೆ ಜೋಡಿಸಿದೆ. ಜಾಲದ ವೇಗ ಅಳೆಯುವ ಐಪರ್ಫ್‌ನಲ್ಲಿ 20 ಎಂಬಿಪಿಎಸ್ ಆಸುಪಾಸು ಇದ್ದದ್ದು 9ಕ್ಕೆ ಇಳಿಯಿತು. ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಹಣಕ್ಕೆ ಒಳ್ಳೆಯ ಹಾರ್ಡ್ ಡಿಸ್ಕ್ ಬರುತ್ತಿತ್ತು.

ಒಂದು ರಾತ್ರಿ ಕಾಗದದ ಮೇಲೆ ದಾರಿ ಬರೆದು ನೋಡಿದೆ. ಸರ್ವರ್‌ನಿಂದ ರೂಟರ್‌ಗೆ ವೈಫೈ, ರೂಟರ್‌ನಿಂದ ಎಕ್ಸ್‌ಟೆಂಡರ್‌ಗೆ ವೈಫೈ, ಅಲ್ಲಿಂದ ಟಿವಿಗೆ ವೈಫೈ. ಒಂದೇ ದತ್ತಾಂಶ ಒಂದೇ ಚಾನಲ್‌ನಲ್ಲಿ ಮೂರು ಸಲ ಗಾಳಿಯಲ್ಲಿ ಹಾಯುತ್ತಿತ್ತು. ಒಂದು ಮಾತಾಡುವಾಗ ಉಳಿದೆರಡು ಬಾಯಿ ಮುಚ್ಚಿಕೊಂಡಿರಬೇಕು. ಟಿವಿಯಲ್ಲಿ ಸಿಗ್ನಲ್ ಗೆರೆಗಳು ತುಂಬಿದ್ದವು, ನಿಜ. ಆದರೆ ಅವು ಹೇಳುವುದು ಎಕ್ಸ್‌ಟೆಂಡರ್‌ನಿಂದ ಟಿವಿಯವರೆಗಿನ ಕೊನೆಯ ನಾಲ್ಕು ಹೆಜ್ಜೆಯ ಕಥೆಯನ್ನು ಮಾತ್ರ. ಅಂದಿನಿಂದ ನಾನು ಗೆರೆ ನೋಡುವುದನ್ನು ಬಿಟ್ಟು ಗಾಳಿಯ ಜಿಗಿತಗಳನ್ನು ಎಣಿಸತೊಡಗಿದೆ.

ಸರ್ವರ್ ಅನ್ನು ರೂಟರ್ ಪಕ್ಕಕ್ಕೆ ತಂದು ಕೇಬಲ್ ಚುಚ್ಚಿದೆ. ಒಂದು ಜಿಗಿತ ಹೋಯಿತು, ವೇಗ 34ರ ಹತ್ತಿರ ಬಂತು. ಎಕ್ಸ್‌ಟೆಂಡರ್ ಟಿವಿ ಕೋಣೆಯಲ್ಲೇ ಇತ್ತು. ಅಲ್ಲಿ ರೂಟರ್‌ನ ಸಿಗ್ನಲ್ ಮೈನಸ್ 78 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾದದ್ದು), ಹಾಗಾಗಿ ಅದು ವೇಗದ 5 ಗಿಗಾಹರ್ಟ್ಸ್ ಬಿಟ್ಟು ನಿಧಾನದ 2.4ಕ್ಕೇ ಅಂಟಿಕೊಳ್ಳುತ್ತಿತ್ತು. ಲ್ಯಾಪ್‌ಟಾಪ್ ನೆಲದ ಮೇಲಿಟ್ಟು, ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಕೊಂಡು, ನಡುಮನೆಯ ಉದ್ದಕ್ಕೂ ಗೇಣು ಗೇಣು ಸರಿಸುತ್ತಾ ಅಳೆದೆ. ಗೋಡೆಯಾಚೆ ಕಬ್ಬಿಣದ ಬೀರು ಇದ್ದ ಕಡೆ ಸಿಗ್ನಲ್ ಕುಸಿಯಿತು, ಎರಡು ಅಡಿ ಈಚೆ ಬಂದರೆ ಮೈನಸ್ 58. ಅಲ್ಲೇ ನಿಲ್ಲಿಸಿದೆ. ರೂಟರ್ ಜೊತೆಗಿನ ಕೊಂಡಿಗೆ 5 ಗಿಗಾಹರ್ಟ್ಸ್ ಮಾತ್ರ ಎಂದು ಕಟ್ಟುಹಾಕಿದೆ.

ಕೊನೆಯ ಪಟ್ಟು ಎಕ್ಸ್‌ಟೆಂಡರ್‌ನ ಹೊಟ್ಟೆಯಡಿ ಇರುವ ಲ್ಯಾನ್ ಪೋರ್ಟ್, ನೆಟ್‌ವರ್ಕ್ ಕೇಬಲ್ ಚುಚ್ಚುವ ಕಿಂಡಿ. ಅದನ್ನು ಯಾರೂ ಬಳಸುವುದೇ ಇಲ್ಲ. ಅಲ್ಲಿಂದ ಟಿವಿಗೆ ಹದಿನೈದು ಮೀಟರ್ ಕೇಬಲ್ ಎಳೆದೆ. ರೂಟರ್‌ನಿಂದಲೇ ಎಳೆಯಬಹುದಿತ್ತಲ್ಲ ಎಂದು ತಮ್ಮ ಕೇಳಿದ. ನಡುವಿನ ಕಾಂಕ್ರೀಟ್ ಗೋಡೆ ಕೊರೆಯುವಂತಿರಲಿಲ್ಲ, ಅದಕ್ಕೇ ಇಷ್ಟೆಲ್ಲ. ಈಗ ಗಾಳಿಯಲ್ಲಿ ಇರುವುದು ಒಂದೇ ಜಿಗಿತ. ಐಪರ್ಫ್ 92 ತೋರಿಸಿತು. ಆ ಕೇಬಲ್‌ಗೆ ಎರಡನೆಯ ಎಕ್ಸ್‌ಟೆಂಡರ್‌ನ ಹತ್ತನೇ ಒಂದು ಭಾಗದಷ್ಟೂ ಹಣ ಹೋಗಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ವಾರಕ್ಕೆ ಎರಡು ಮೂರು ಸಲ ಚಿತ್ರ ಒಂದು ನಿಮಿಷ ಸತ್ತು ಮತ್ತೆ ಬದುಕುತ್ತಿತ್ತು. ರೂಟರ್‌ನ ಲಾಗ್ ಓದಿದಾಗ ಗುಟ್ಟು ಸಿಕ್ಕಿತು. ಚಾನಲ್ ಆಟೋದಲ್ಲಿತ್ತು, ರೂಟರ್ ಡಿಎಫ್‌ಎಸ್ ಚಾನಲ್ (ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕಾದದ್ದು) ಹಿಡಿದಿತ್ತು. ಅಲ್ಲಿ ರೇಡಾರ್ ಎಂದು ಅನಿಸಿದರೆ ರೂಟರ್ ಜಾಗ ಖಾಲಿ ಮಾಡಲೇಬೇಕು, ಅಂಥದ್ದೇ ಇನ್ನೊಂದು ಚಾನಲ್‌ಗೆ ಹೋದರೆ ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕಾಯಬೇಕು. ಆ ನಿಯಮವಿಲ್ಲದ 36ನೇ ಚಾನಲ್‌ಗೆ ಬಿಗಿದೆ. ಆ ಕಾಟ ಮತ್ತೆ ಬಂದಿಲ್ಲ.

ನಡುವೆ ಮಾಡಿದ ಇನ್ನೊಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಸರ್ವರ್ ಇನ್ನೂ ವೈಫೈನಲ್ಲಿದ್ದಾಗ ಯುಎಸ್‌ಬಿ 3 ಡಿಸ್ಕ್ ಅದರ ವೈಫೈ ಡಾಂಗಲ್‌ಗೆ ತಾಗಿಕೊಂಡಿತ್ತು. ಡಿಸ್ಕ್ ಅನ್ನು ಒಂದು ಅಡಿ ದೂರ ಸರಿಸಿದ್ದಕ್ಕೇ 2.4ರ ವೇಗ ಮೂರನೇ ಒಂದು ಭಾಗ ಏರಿತು. ಯುಎಸ್‌ಬಿ 3 ಹೊರಸೂಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಅನ್ನು ಕೆಡಿಸುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿತ್ತು. ಕಣ್ಣಾರೆ ಕಂಡ ಮೇಲೆ ನಂಬಿದೆ. ಮನೆಯ ಕರೆಂಟ್ ತಂತಿಯಲ್ಲೇ ದತ್ತಾಂಶ ಹಾಯಿಸುವ ಪವರ್‌ಲೈನ್ ಅಡಾಪ್ಟರನ್ನೂ ಎರವಲು ತಂದು ಹಾಕಿ ನೋಡಿದೆ: 40ರಷ್ಟು ಬರುತ್ತಿತ್ತು, ನೀರಿನ ಮೋಟಾರ್ ಶುರುವಾದೊಡನೆ ಒಂದಂಕಿಗೆ ಬೀಳುತ್ತಿತ್ತು. ಮರುದಿನವೇ ವಾಪಸ್ ಕೊಟ್ಟೆ.

ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, ಆದ್ದರಿಂದ 94ರ ಮೇಲೆ ಹೋಗುವಂತಿಲ್ಲ. ನನ್ನಲ್ಲಿರುವ ಎರಡು ಫೈಲ್‌ಗಳು ಗದ್ದಲದ ದೃಶ್ಯಗಳಲ್ಲಿ 110 ದಾಟುತ್ತವೆ. ಬಫರ್ (ಮುಂಚಿತವಾಗಿ ತುಂಬಿಟ್ಟುಕೊಳ್ಳುವ ದತ್ತಾಂಶ) ವಿಷಯದಲ್ಲಿ ಒಂದು ಸಣ್ಣ ಕೈಚಳಕ ಮಾಡಿ ಅವನ್ನೂ ದಾಟಿಸಿದ್ದೇನೆ. ಅದನ್ನು ಇನ್ನೂ ಒಂದೆರಡು ಟಿವಿಗಳಲ್ಲಿ ಪರೀಕ್ಷಿಸುವವರೆಗೆ ನನ್ನಲ್ಲೇ ಇಟ್ಟುಕೊಂಡಿರುತ್ತೇನೆ. ಮೊನ್ನೆ ತಮ್ಮ ಬಂದವನು ತಾನೇ ಐಪರ್ಫ್ ಓಡಿಸಿದ. 92. ಕೇಬಲ್ ಕಿತ್ತು, ಮತ್ತೆ ಚುಚ್ಚಿ, ಇನ್ನೊಮ್ಮೆ ಓಡಿಸಿದ. 91.