ನಿಂತುಹೋದ ಸ್ಪೋರ್ಟ್ಸ್ ಕೂಪೆಗೆ ಮರುಹುಟ್ಟು ಬೇಕೇ? ತೂಗಿ ನೋಡುವ ಬಗೆ

ಉತ್ಪಾದನೆ ನಿಂತುಹೋದ ಹಳೆಯ ಸ್ಪೋರ್ಟ್ಸ್ ಕೂಪೆಯೊಂದನ್ನು (ಸಾಮಾನ್ಯವಾಗಿ ಎರಡು ಬಾಗಿಲುಗಳ, ಹಿಂದಕ್ಕೆ ಇಳಿಜಾರಾದ ಚಾವಣಿಯ ಕಾರು) ಅದರ ಕಂಪನಿ ಮತ್ತೆ ತರಬೇಕೇ ಎಂದು ಕೇಳಿಕೊಳ್ಳುವವರು ಸಾಮಾನ್ಯವಾಗಿ ಆ ಕಾರಿನ ಮೇಲಿನ ಪ್ರೀತಿಯಿಂದ ಆರಂಭಿಸಿ ಅಲ್ಲಿಯೇ ನಿಂತುಬಿಡುತ್ತಾರೆ. ಪ್ರೀತಿ ಇಲ್ಲದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ನಿಜ. ಆದರೆ ಕಾರ್ಖಾನೆ, ಕಾನೂನು, ತೂಕ, ಬೆಲೆ ಇವನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಿದಾಗಲೇ ಆ ಪ್ರೀತಿಗೆ ನ್ಯಾಯ ಸಲ್ಲುತ್ತದೆ. ಕಂಪನಿಗೆ ಮನವಿ ಬರೆಯಲು ಹೊರಟ ಮಾಲೀಕರ ಸಂಘದವರಿಗೂ, ವಾಹನಗಳ ಬಗ್ಗೆ ಬರೆಯುವವರಿಗೂ, ಮುಂಗಡ ಕೊಟ್ಟು ಕಾಯಲು ಸಿದ್ಧರಿರುವ ಕೊಳ್ಳುಗರಿಗೂ ಉಪಯೋಗವಾಗಲೆಂದು, ಯಾವ ಕ್ರಮದಲ್ಲಿ ಯೋಚಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ನಿಲ್ಲಲು ಕಾರಣವಾದದ್ದು ಇಂದು ಇಲ್ಲವಾಗಿರಬೇಕು, ಇಲ್ಲವೇ ಅದಕ್ಕೊಂದು ಪರಿಹಾರ ಸಿಕ್ಕಿರಬೇಕು. ಜೊತೆಗೆ ಆ ಹೆಸರು ಚಾಲಕನಿಗೆ ಕೊಟ್ಟಿದ್ದ ಮಾತನ್ನು ಇಂದಿನ ಕಾರಿನಲ್ಲಿಯೂ ಉಳಿಸಿಕೊಳ್ಳುವಂತಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಕಂಪನಿ ಆ ಹೆಸರನ್ನು ಮುಟ್ಟದಿರುವುದೇ ಒಳ್ಳೆಯದು.

ಹಾಗಾಗಿ ಆ ಹೆಸರು ಕೊಟ್ಟಿದ್ದ ಮಾತು ಯಾವುದು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ದೀಪಗಳ ಆಕಾರ, ಹಿಂಬದಿಯ ರೆಕ್ಕೆ, ಬಣ್ಣ ಇವು ಕಣ್ಣಿಗೆ ಕಾಣುವ ಗುರುತುಗಳು. ಇವನ್ನು ಬದಿಗಿಟ್ಟು ಎಂಜಿನ್ ಎಲ್ಲಿತ್ತು, ಯಾವ ಚಕ್ರಗಳು ತಿರುಗುತ್ತಿದ್ದವು, ಎಷ್ಟು ತೂಗುತ್ತಿತ್ತು, ಯಾರ ಕೈಗೆ ಎಟುಕುವ ಬೆಲೆಯಿತ್ತು ಎಂದು ಕೇಳಿ. ಟೊಯೋಟಾ 2019ರಲ್ಲಿ ಸುಪ್ರಾವನ್ನು ಮತ್ತೆ ತಂದಾಗ ಮುಖ್ಯ ಎಂಜಿನಿಯರ್ ತೆತ್ಸುಯಾ ತಾಡಾ ಅವರ ತಂಡ ಇಂಥದೇ ಕೆಲಸ ಮಾಡಿತ್ತು. ಸಾಲಾಗಿ ನಿಂತ ಆರು ಸಿಲಿಂಡರ್‌ಗಳ ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಉದ್ದಕ್ಕೂ ಎಡಬಲ ಗಾಲಿಗಳ ನಡುವಣ ಅಗಲಕ್ಕೂ ಇರುವ ಅನುಪಾತವನ್ನು 1.55ಕ್ಕೆ ಹಿಡಿದಿಟ್ಟರು. ಗಾಲಿಗಳ ನಡುವಣ ಉದ್ದ 2,470 ಮಿಲಿಮೀಟರ್ ಆಗಿ, ಎರಡೇ ಸೀಟುಗಳ ಕಾರು ಹುಟ್ಟಿದ್ದು ಈ ನಿರ್ಧಾರದಿಂದಲೇ. ಅದು ಸರಿಯೋ ತಪ್ಪೋ ಎಂದು ವಾದಿಸಬಹುದು, ಆದರೆ ಯಾವುದನ್ನು ಉಳಿಸಿಕೊಂಡಿದ್ದೇವೆ ಎಂಬುದು ಅವರಿಗೆ ಸ್ಪಷ್ಟವಿತ್ತು.

ಮುಂದಿನ ಪ್ರಶ್ನೆ, ಕಾರು ನಿಂತದ್ದೇಕೆ ಎಂಬುದು. 'ಜನ ಕೊಳ್ಳಲಿಲ್ಲ' ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಏಕೆ ಕೊಳ್ಳಲಿಲ್ಲ ಎಂದು ಇನ್ನೂ ಆಳಕ್ಕೆ ಹೋಗಿ. 1990ರ ದಶಕದಲ್ಲಿ ಯೆನ್ ಬಲಗೊಂಡು ಅಮೆರಿಕದಲ್ಲಿ ಜಪಾನಿನ ಕೂಪೆಗಳ ಬೆಲೆ ಮೇಲೇರಿತು. ನಿಸ್ಸಾನ್ 300ಝಡ್‌ಎಕ್ಸ್ 1996ರಲ್ಲಿ, ಸುಪ್ರಾ 1998ರಲ್ಲಿ ಆ ಮಾರುಕಟ್ಟೆಯಿಂದ ಹೊರಬಿದ್ದವು. ಜಪಾನಿನಲ್ಲಿಯೇ 2002ರಲ್ಲಿ, ಹೊಗೆಯ ಮೇಲಿನ ನಿಯಮಗಳು ಬಿಗಿಯಾದ ಹೊತ್ತಿಗೆ ಸುಪ್ರಾ, ಮಜ್ದಾ ಆರ್‌ಎಕ್ಸ್-7, ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಮತ್ತು ಸಿಲ್ವಿಯಾ ನಾಲ್ಕೂ ನಿಂತವು. ಹಣದ ವಿನಿಮಯ ದರ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಹೊಗೆಯ ನಿಯಮ ಹಾಗಲ್ಲ, ಅದು ಸಾಮಾನ್ಯವಾಗಿ ಇನ್ನಷ್ಟು ಬಿಗಿಯಾಗುತ್ತಲೇ ಬಂದಿದೆ. ಆದ್ದರಿಂದ ಆರ್‌ಎಕ್ಸ್-7 ಮರಳಬೇಕು ಎನ್ನುವವರು ಅದರಲ್ಲಿದ್ದ ರೋಟರಿ ಎಂಜಿನ್ನಿನ (ಪಿಸ್ಟನ್ನಿನ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ಎಂಜಿನ್) ಬಗ್ಗೆ ಮೊದಲು ಉತ್ತರ ಕೊಡಬೇಕಾಗುತ್ತದೆ. ಅದರ ಉರಿಯುವ ಕೋಣೆ ಉದ್ದಕ್ಕೆ ಹರಡಿಕೊಂಡಿರುವುದರಿಂದ ಇಂಧನ ಪೂರ್ತಿ ಉರಿಯುವುದು ಕಷ್ಟ. ರೋಟರಿನ ತುದಿಯ ಸೀಲುಗಳಿಗೆ ಎಣ್ಣೆಯನ್ನು ಒಳಗೇ ಹಾಯಿಸಬೇಕಾದ್ದರಿಂದ ಅದೂ ಸ್ವಲ್ಪ ಸ್ವಲ್ಪವೇ ಉರಿದುಹೋಗುತ್ತದೆ. ಈ ಎರಡೂ ಸಮಸ್ಯೆಗಳು ಆ ವಿನ್ಯಾಸದ ಹುಟ್ಟಿನೊಂದಿಗೇ ಬಂದವು. ಮಜ್ದಾ 2023ರಲ್ಲಿ ಎಂಎಕ್ಸ್-30 ಕಾರಿನಲ್ಲಿ ರೋಟರಿಯನ್ನು ಮತ್ತೆ ತಂದಾಗ ಅದರಿಂದ ಚಕ್ರ ತಿರುಗಿಸಲಿಲ್ಲ, ವಿದ್ಯುತ್ ಉತ್ಪಾದಿಸಲು ಮಾತ್ರ ಬಳಸಿತು. ಅದೇ ವರ್ಷ ಟೋಕಿಯೋದಲ್ಲಿ ತೋರಿಸಿದ ಐಕಾನಿಕ್ ಎಸ್‌ಪಿ ಎಂಬ ಮಾದರಿ ಕೂಪೆಯಲ್ಲಿಯೂ ಅದೇ ದಾರಿ. ಅಂಥ ಕಾರನ್ನು ಆರ್‌ಎಕ್ಸ್-7 ಎಂದು ಒಪ್ಪಿಕೊಳ್ಳಬಹುದೇ ಎಂಬುದಕ್ಕೆ ಉತ್ತರ, ನೀವು ಮೊದಲು ಬರೆದಿಟ್ಟುಕೊಂಡ ವಾಕ್ಯದಲ್ಲಿದೆ.

ಕೊಳ್ಳುವವರು ಯಾರು ಎಂಬುದನ್ನು ಅಂದಾಜು ಮಾಡುವಾಗ, ಹಳೆಯ ಕಾರುಗಳಿಗೆ ಹರಾಜಿನಲ್ಲಿ ಬರುವ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಹೊಸ ಸುಪ್ರಾದ ಮೊದಲ ಕಾರು 2019ರ ಜನವರಿಯಲ್ಲಿ ದಾನದ ಹರಾಜೊಂದರಲ್ಲಿ 21 ಲಕ್ಷ ಡಾಲರ್‌ಗೆ ಹೋಯಿತು. ಸಂತೋಷದ ಸುದ್ದಿಯೇ, ಆದರೆ ಐದನೆಯ ವರ್ಷದ ಮಾರಾಟದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಳೆಯ ಕಾರಿನ ನೆನಪು ಗಾಢವಾಗಿರುವವರಲ್ಲಿ ಹಲವರಿಗೆ ಬೇಕಾಗಿರುವುದು ಆ ಹಳೆಯ ಕಾರೇ. ಹೊಸದನ್ನು ಕೊಳ್ಳುವವರು ಇವತ್ತಿನ ಪೈಪೋಟಿಯ ಕಾರುಗಳನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ, ವಿಮೆ ಎಷ್ಟಾಗುತ್ತದೆಂದು ಕೇಳುತ್ತಾರೆ, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಬಹುದೇ ಎಂದು ನೋಡುತ್ತಾರೆ. ಅಭಿಮಾನಿಗಳ ಸಹಿ ಸಂಗ್ರಹಕ್ಕಿಂತ, ಇವರ ಮುಂದೆ ಬೆಲೆಯನ್ನು ಹೇಳಿ ಕೇಳಿದ ಪ್ರಶ್ನೆಗೆ ಬಂದ ಉತ್ತರವೇ ಹೆಚ್ಚು ನಂಬಿಕೆಗೆ ಅರ್ಹ.

ಈಗ ಅತ್ಯಂತ ಕಷ್ಟದ ಭಾಗಕ್ಕೆ ಬರೋಣ. ಕಾರಿನ ಅಡಿಪಾಯವಾದ ಪ್ಲಾಟ್‌ಫಾರ್ಮ್ ಎಲ್ಲಿಂದ ಬರುತ್ತದೆ? ವರ್ಷಕ್ಕೆ ಕೆಲವೇ ಸಾವಿರ ಮಾರಾಟವಾಗುವ ಕಾರಿಗೆಂದೇ ಹೊಸ ಪ್ಲಾಟ್‌ಫಾರ್ಮ್, ಹೊಸ ಎಂಜಿನ್ ರೂಪಿಸಿದರೆ ಆ ಖರ್ಚೆಲ್ಲ ಕೆಲವೇ ಕಾರುಗಳ ತಲೆಯ ಮೇಲೆ ಬೀಳುತ್ತದೆ. ಹಾಗಾಗಿ ಕಂಪನಿಗಳ ಮುಂದೆ ಮೂರು ದಾರಿಗಳಿರುತ್ತವೆ: ತನ್ನದೇ ಹಳೆಯದನ್ನು ತಿದ್ದುವುದು, ಬೇರೊಂದು ಕಂಪನಿಯೊಂದಿಗೆ ಹಂಚಿಕೊಳ್ಳುವುದು, ಅಥವಾ ನಷ್ಟಕ್ಕೆ ಸಿದ್ಧವಾಗಿ ಹೊಸದನ್ನೇ ಕಟ್ಟುವುದು. 2022ರಲ್ಲಿ ಬಂದ ನಿಸ್ಸಾನ್ ಝಡ್ ಮೊದಲ ದಾರಿಯದು. 370ಝಡ್‌ನ ಅಡಿಪಾಯವನ್ನು ಬಲಪಡಿಸಿ ಅದರ ಮೇಲೆ 400 ಅಶ್ವಶಕ್ತಿಯ, ಎರಡು ಟರ್ಬೋಗಳ ವಿ6 ಎಂಜಿನ್ ಕೂರಿಸಲಾಯಿತು, ಮ್ಯಾನುಯಲ್ ಗೇರ್‌ಬಾಕ್ಸ್ ಉಳಿಯಿತು. ಸುಪ್ರಾ ಎರಡನೆಯ ದಾರಿಯದು. ಬಿಎಂಡಬ್ಲ್ಯೂ ಝಡ್4 ಜೊತೆಗೆ ಅಡಿಪಾಯ, ಎಂಜಿನ್, ಒಳಗಿನ ಗುಂಡಿಗಳವರೆಗೆ ಹಂಚಿಕೊಂಡು ಎರಡೂ ಕಾರುಗಳು ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿರುವ ಮ್ಯಾಗ್ನಾ ಸ್ಟೈರ್ ಕಾರ್ಖಾನೆಯಲ್ಲಿಯೇ ತಯಾರಾದವು. ಇದನ್ನು ಹಲವರು ದ್ರೋಹವೆಂಬಂತೆ ಕಂಡರು. ನಾನು ಹಾಗೆ ಕಾಣುವುದಿಲ್ಲ. ಸಾಲು ಆರು ಸಿಲಿಂಡರ್‌ಗಳ ಎಂಜಿನ್ನನ್ನು ಇಂದಿಗೂ ದೊಡ್ಡ ಸಂಖ್ಯೆಯಲ್ಲಿ ಮಾಡುತ್ತಿರುವ ಕಂಪನಿಯ ಹೆಗಲು ಸಿಗದಿದ್ದರೆ ಸುಪ್ರಾ ಬಹುಶಃ ಬರುತ್ತಲೇ ಇರಲಿಲ್ಲ. ನನ್ನ ಆಕ್ಷೇಪ ಬೇರೆ. ಮ್ಯಾನುಯಲ್ ಗೇರ್‌ಬಾಕ್ಸ್ ಇಲ್ಲದೆ ಅದನ್ನು ಬಿಡುಗಡೆ ಮಾಡಿ, 2022ರವರೆಗೆ ಕಾಯಿಸಿದ್ದು ಕೊಟ್ಟ ಮಾತಿಗೆ ಬಂದ ಕೊರತೆ.

ಪಾಲುದಾರಿಕೆ ಯಾವಾಗಲೂ ಉಳಿಯುತ್ತದೆ ಎಂದೂ ಎಣಿಸಬೇಡಿ. 1977ರಲ್ಲಿ ನಿಂತಿದ್ದ ಫ್ರಾನ್ಸಿನ ಸ್ಪೋರ್ಟ್ಸ್ ಕಾರು ಆಲ್ಪೀನ್ ಎ110 ಅನ್ನು ಮರಳಿ ತರಲು ರೆನೋ 2012ರಲ್ಲಿ ಬ್ರಿಟನ್ನಿನ ಕಾರು ಕಂಪನಿ ಕೇಟರ್‌ಹ್ಯಾಮ್ ಜೊತೆ ಕೈಜೋಡಿಸಿತ್ತು. 2014ರಲ್ಲಿ ಆ ನಂಟು ಮುರಿಯಿತು. ರೆನೋ ಒಂಟಿಯಾಗಿ ಮುಂದುವರಿದು 2017ರಲ್ಲಿ ಕಾರನ್ನು ಹೊರತಂದಿತು. ಮರುಹುಟ್ಟು ಹೇಗಿರಬೇಕೆಂದು ತಿಳಿಯಬಯಸುವವರು ಈ ಕಾರನ್ನು ಹತ್ತಿರದಿಂದ ನೋಡಬೇಕು. ಹಳೆಯ ಎ110ರ ಮಾತು ಹಗುರತನದ್ದು. ಹೊಸದರಲ್ಲಿ ಎಂಜಿನ್ ಹಿಂದಿನ ಚಕ್ರಗಳ ಆಚೆಯಿಂದ ನಡುಭಾಗಕ್ಕೆ ಸರಿಯಿತು, ಎರಡು ಕ್ಲಚ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂತು, ಆದರೆ ಅಲ್ಯೂಮಿನಿಯಮ್ ಚೌಕಟ್ಟು, ಅಲ್ಯೂಮಿನಿಯಮ್ ಮೈಯೊಂದಿಗೆ ತೂಕ ಸುಮಾರು 1,100 ಕಿಲೋಗೆ ನಿಂತಿತು. ಒಂದೊಂದು ಸೀಟು 13.1 ಕಿಲೋ ಮಾತ್ರ. ಕಾರನ್ನು ನಿಲ್ಲಿಸಿದಾಗ ಹಿಡಿಯುವ ಪಾರ್ಕಿಂಗ್ ಬ್ರೇಕಿಗೆಂದು ಹಿಂದಿನ ಚಕ್ರಗಳಲ್ಲಿ ಪ್ರತ್ಯೇಕ ಕ್ಯಾಲಿಪರ್ (ಬ್ರೇಕಿನ ತಟ್ಟೆಯನ್ನು ಅದುಮಿ ಹಿಡಿಯುವ ಭಾಗ) ಇಡದೆ, ಮುಖ್ಯ ಕ್ಯಾಲಿಪರ್‌ನೊಳಗೇ ಅದನ್ನು ಸೇರಿಸಿ ಬ್ರೇಕ್ ತಯಾರಕ ಬ್ರೆಂಬೋ ಎರಡೂವರೆ ಕಿಲೋ ಉಳಿಸಿಕೊಟ್ಟಿತು. ಎರಡೂವರೆ ಕಿಲೋಗಾಗಿ ಇಷ್ಟು ಶ್ರಮಪಟ್ಟ ತಂಡದ ಎದುರು, 252 ಅಶ್ವಶಕ್ತಿ ಸಾಕೇ ಎಂಬ ಪ್ರಶ್ನೆ ಸಣ್ಣದಾಗುತ್ತದೆ. ಆಲ್ಪೀನ್ ಸ್ಥಾಪನೆಯಾದ ವರ್ಷವನ್ನು ನೆನೆದು ಕಾಯ್ದಿರಿಸಲು ತೆರೆದ ಮೊದಲ 1,955 ಕಾರುಗಳು ಬೇಗನೆ ಮುಗಿದುಹೋದವು, ತಯಾರಿಕೆ ಹಳೆಯ ಊರಾದ ದಿಯೆಪ್‌ನಲ್ಲಿಯೇ ನಡೆಯಿತು.

ಇದಕ್ಕೆ ಪ್ರತಿಯಾಗಿ ಹೋಂಡಾ ಎನ್‌ಎಸ್‌ಎಕ್ಸ್ ಅನ್ನು ನೋಡಿ. 1990ರ ಕಾರು ಅಲ್ಯೂಮಿನಿಯಮ್ ಮೈಯ, ವಿ6 ಎಂಜಿನ್ನಿನ, ದಿನವೂ ಓಡಿಸಬಹುದಾದ ಸರಳ ಯಂತ್ರ. ಫಾರ್ಮುಲಾ ಒನ್ ಚಾಲಕ ಅಯರ್ಟನ್ ಸೆನ್ನಾ ಅದನ್ನು ಓಡಿಸಿ ನೋಡಿ ಚೌಕಟ್ಟು ಇನ್ನಷ್ಟು ಗಟ್ಟಿಯಾಗಬೇಕೆಂದು ಸಲಹೆ ಕೊಟ್ಟಿದ್ದರು. ಎರಡನೆಯ ಎನ್‌ಎಸ್‌ಎಕ್ಸ್‌ನ ಮಾದರಿಯನ್ನು 2012ರಲ್ಲಿ ತೋರಿಸಿ, ನಡುವೆ ಎಂಜಿನ್ನಿನ ವಿನ್ಯಾಸವನ್ನೇ ಬದಲಿಸಿ, 2016ರಲ್ಲಿ ಮಾರಾಟಕ್ಕೆ ಇಟ್ಟರು. ಎರಡು ಟರ್ಬೋ, ಮೂರು ವಿದ್ಯುತ್ ಮೋಟಾರ್, 573 ಅಶ್ವಶಕ್ತಿ, 1,700 ಕಿಲೋಗೂ ಮೀರಿದ ತೂಕ. ಕೌಶಲದ ವಿಷಯದಲ್ಲಿ ಅದು ಅದ್ಭುತ ಕಾರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ 2022ರಲ್ಲಿ ನಿಲ್ಲುವ ಹೊತ್ತಿಗೆ ಜಗತ್ತಿನಾದ್ಯಂತ ಮಾರಾಟವಾದದ್ದು 3,000ಕ್ಕೂ ಕಡಿಮೆ. ಮೊದಲನೆಯದು 18,000 ದಾಟಿತ್ತು. ಸರಳತೆಯೇ ಆ ಹೆಸರಿನ ಮಾತಾಗಿತ್ತು ಎಂಬುದನ್ನು ಯಾರಾದರೂ ಆರಂಭದಲ್ಲೇ ಬರೆದಿಟ್ಟಿದ್ದರೆ ಯೋಜನೆ ಬೇರೆ ದಾರಿ ಹಿಡಿಯುತ್ತಿತ್ತೇನೋ. ಮಾದರಿಯನ್ನು ತೋರಿಸಿದ ದಿನದಿಂದ ಕಾರು ಡೀಲರ್ ಬಳಿ ಬರುವವರೆಗಿನ ಅವಧಿಯನ್ನೂ ಗಮನಿಸಿ. ನಾಲ್ಕು ವರ್ಷ ಕಾದವರ ಕಣ್ಣೆದುರೇ ಪೈಪೋಟಿಯ ಕಾರುಗಳು ಮುಂದೆ ಹೋಗಿರುತ್ತವೆ.

ಕಾನೂನನ್ನು ಕೊನೆಗೆ ನೋಡಿದರಾಯಿತು ಎಂದುಕೊಳ್ಳುವುದು ಅಪಾಯಕಾರಿ. 2024ರ ಜುಲೈನಲ್ಲಿ ಯುರೋಪಿನ ಹೊಸ ಸುರಕ್ಷತಾ ನಿಯಮಗಳು ಮಾರಾಟದಲ್ಲಿರುವ ಎಲ್ಲ ಹೊಸ ಕಾರುಗಳಿಗೂ ಅನ್ವಯವಾದಾಗ, ಟೊಯೋಟಾ ಜಿಆರ್86 ಅಲ್ಲಿ ಬಂದ ಎರಡೇ ವರ್ಷಗಳಲ್ಲಿ ಮಾರುಕಟ್ಟೆ ಬಿಟ್ಟಿತು. ಅದೇ ಹೊತ್ತಿಗೆ ಸೈಬರ್ ಸುರಕ್ಷತೆಯ ನಿಯಮದಿಂದಾಗಿ ಪೋರ್ಷೆ 718ರ ಹೆಚ್ಚಿನ ಮಾದರಿಗಳು ಕೂಡ ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದವು. ಕಂಪನಿ ಯಾವ ಯಾವ ಪ್ರದೇಶಗಳಲ್ಲಿ ಮಾರಲು ಹೊರಟಿದೆ ಎಂದು ಪಟ್ಟಿ ಮಾಡಿ, ಮುಂದಿನ ಆರೇಳು ವರ್ಷಗಳಲ್ಲಿ ಅಲ್ಲಿ ಜಾರಿಗೆ ಬರಲಿರುವ ನಿಯಮಗಳನ್ನು ಪಕ್ಕದಲ್ಲಿ ಬರೆಯಿರಿ. ಅರ್ಧ ದಾರಿಯಲ್ಲಿ ಒಂದು ದೊಡ್ಡ ಮಾರುಕಟ್ಟೆ ಮುಚ್ಚಿಕೊಳ್ಳುವಂತಿದ್ದರೆ ಇಡೀ ಲೆಕ್ಕ ಬುಡಮೇಲಾಗುತ್ತದೆ.

ಸಂಖ್ಯೆಯ ವಿಷಯದಲ್ಲಿ ಮೊದಲ ವರ್ಷವನ್ನು ನಂಬದಿರಿ. ಫೋರ್ಡ್ 2002ರ ಮಾದರಿಯಾಗಿ ಥಂಡರ್‌ಬರ್ಡ್ ಅನ್ನು ಹಳೆಯ ರೂಪದಲ್ಲಿ ತಂದಾಗ, ಅದು ಕೂಪೆಯಲ್ಲದಿದ್ದರೂ ಪಾಠ ಒಂದೇ, ಆರಂಭದಲ್ಲಿ ಕೊಳ್ಳುಗರು ನಿಗದಿತ ಬೆಲೆಗಿಂತ ಹೆಚ್ಚು ಕೊಡಲೂ ಸಿದ್ಧರಿದ್ದರು. ಬಳಿಕ ಬೇಡಿಕೆ ಇಳಿದು 2005ರಲ್ಲಿ ಅದು ನಿಂತಿತು. ಕಾದಿದ್ದವರೆಲ್ಲ ಮೊದಲೇ ಕೊಂಡು ಮುಗಿಸುತ್ತಾರೆ. ಹೋಂಡಾ 2025ರಲ್ಲಿ ಪ್ರಿಲ್ಯೂಡ್ ಅನ್ನು ಹೈಬ್ರಿಡ್ ಆಗಿ ಮರಳಿ ತಂದಾಗ ಜಪಾನಿನಲ್ಲಿ ತಿಂಗಳಿಗೆ 300 ಕಾರುಗಳ ಗುರಿ ಇಟ್ಟುಕೊಂಡದ್ದು, ಹಾಗೂ ಸಿವಿಕ್ ಟೈಪ್ ಆರ್‌ನ ಸಸ್ಪೆನ್ಷನ್ ಭಾಗಗಳನ್ನು ಬಳಸಿಕೊಂಡದ್ದು, ಈ ಪಾಠವನ್ನು ಅರಿತ ನಡೆಯಂತೆ ಕಾಣುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸ್ ಇಲ್ಲದಿರುವುದು ಹಲವರಿಗೆ ಬೇಸರ ತಂದಿದೆ, ಆ ಬೇಸರ ನ್ಯಾಯವೇ. ಆದರೆ ಚಿಕ್ಕ ಗುರಿ ಇಟ್ಟುಕೊಂಡು ಹೊರಟ ಕಾರಿಗೆ ಹೆಚ್ಚು ಕಾಲ ಉಳಿಯುವ ಅವಕಾಶವಿರುತ್ತದೆ.

ಇಷ್ಟೆಲ್ಲ ತೂಗಿದ ಮೇಲೆ ಉತ್ತರ 'ಬೇಡ' ಎಂದು ಬಂದರೆ, ಹೆಸರನ್ನು ಬೇರೆ ಬಗೆಯ ವಾಹನಕ್ಕೆ ಅಂಟಿಸುವ ಆಸೆ ಕಂಪನಿಗೆ ಹುಟ್ಟುವುದುಂಟು. 1969ರಿಂದ 1986ರವರೆಗೆ ಕೂಪೆಯಾಗಿದ್ದ ಫೋರ್ಡ್ ಕಾಪ್ರಿ 2024ರಲ್ಲಿ ಐದು ಬಾಗಿಲುಗಳ ವಿದ್ಯುತ್ ಎಸ್‌ಯುವಿ ಆಗಿ ಬಂತು. ಮಿತ್ಸುಬಿಷಿ ಎಕ್ಲಿಪ್ಸ್ ಎಂಬ ಕೂಪೆಯ ಹೆಸರು 2017ರಲ್ಲಿ ಎಕ್ಲಿಪ್ಸ್ ಕ್ರಾಸ್ ಎಂಬ ಎಸ್‌ಯುವಿಗೆ ಹೋಯಿತು. ಆ ವಾಹನಗಳು ತಮ್ಮಷ್ಟಕ್ಕೆ ಚೆನ್ನಾಗಿರಬಹುದು. ಆದರೆ ಮುಂದೆಂದಾದರೂ ನಿಜವಾದ ಕೂಪೆಯನ್ನು ತರುವ ದಿನ ಬಂದರೆ ಆ ಹೆಸರು ಆಗಲೇ ಬೇರೆ ಕಡೆ ಖರ್ಚಾಗಿರುತ್ತದೆ. ಇದನ್ನು ವಿರೋಧಿಸುವುದು ಅಭಿಮಾನಿಗಳ ಹಕ್ಕೆಂದೇ ನಾನು ಭಾವಿಸುತ್ತೇನೆ.

ಇಂಥ ಸಂದರ್ಭದಲ್ಲಿ ಕಂಪನಿಯಿಂದ ಕೇಳಬೇಕಾದದ್ದು ಬಿಡಿಭಾಗಗಳನ್ನು. ನಿಸ್ಸಾನ್ 2017ರ ಕೊನೆಯಿಂದ ಆರ್32 ಸ್ಕೈಲೈನ್ ಜಿಟಿ-ಆರ್‌ಗೆ, ಟೊಯೋಟಾ ಅದಾದ ಕೆಲವು ವರ್ಷಗಳಲ್ಲಿ ಎ70 ಮತ್ತು ಎ80 ಸುಪ್ರಾಗಳಿಗೆ ನಿಂತುಹೋಗಿದ್ದ ಭಾಗಗಳನ್ನು ಮತ್ತೆ ತಯಾರಿಸಿ ಮಾರಲಾರಂಭಿಸಿದವು. ಹೊಸ ಕಾರಿಗೆ ಬೇಕಾದ ಬಂಡವಾಳದ ಸಣ್ಣದೊಂದು ಪಾಲಿನಲ್ಲಿ ಇದು ಸಾಧ್ಯ. ಮಾಲೀಕರ ಸಂಘಗಳು ಮನವಿಯೊಂದಿಗೆ ಒಂದು ಪಟ್ಟಿಯನ್ನೂ ಲಗತ್ತಿಸಲಿ: ಬಾಗಿಲು ಮತ್ತು ಕಿಟಕಿಗಳ ರಬ್ಬರ್ ಪಟ್ಟಿ, ಎಂಜಿನ್ನಿನ ವೈರಿಂಗ್, ಇಂಧನ ಟ್ಯಾಂಕಿನೊಳಗಿನ ಗೇಜು, ಬ್ರೇಕಿನ ಬೂಸ್ಟರ್ ಹೀಗೆ ಹೊರಗಿನ ತಯಾರಕರಲ್ಲಿ ಸಿಗದ ಭಾಗಗಳನ್ನು ಹೆಸರಿಸಿ, ಒಂದೊಂದರ ಮುಂದೆಯೂ ಅದು ಎಷ್ಟು ಸದಸ್ಯರಿಗೆ ಈಗಲೇ ಬೇಕಾಗಿದೆ, ಎಷ್ಟು ಬೆಲೆಯವರೆಗೆ ಅವರು ಕೊಳ್ಳಲು ಸಿದ್ಧರಿದ್ದಾರೆ ಎಂಬುದನ್ನು ಬರೆದು ಕಳಿಸಲಿ.