ಮೊದಲು ಮಳೆ, ಆಮೇಲೆ ನಕ್ಷೆ: ಶ್ರೀಲಂಕಾದ ಮೊದಲ ಪ್ರವಾಸವನ್ನು ಯೋಜಿಸುವುದು ಹೇಗೆ?

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಒಂದೂವರೆ ಗಂಟೆಯ ಆಸುಪಾಸಿನ ಪ್ರಯಾಣ. ಅಲ್ಲಿಳಿದ ಮೇಲೆ ಗಡಿಯಾರ ತಿದ್ದುವ ಅಗತ್ಯವಿಲ್ಲ, ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೇ ಓಡುತ್ತವೆ, ಊಟದ ತಟ್ಟೆಯಲ್ಲಿ ಅನ್ನವೇ ಇರುತ್ತದೆ. ದ್ವೀಪದ ಒಟ್ಟು ವಿಸ್ತೀರ್ಣ 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಸರಿಸುಮಾರು ಮೂರನೆಯ ಒಂದು ಭಾಗ. ಇಷ್ಟು ಹತ್ತಿರದ, ಇಷ್ಟು ಚಿಕ್ಕ ದೇಶವನ್ನು ಐದಾರು ದಿನಗಳಲ್ಲಿ ಸುತ್ತಿ ಮುಗಿಸಬಹುದೆಂಬ ಲೆಕ್ಕಾಚಾರ ಹುಟ್ಟುವುದು ಸಹಜವೇ. ಆದರೆ ಶ್ರೀಲಂಕಾದ ಪ್ರವಾಸ ಕೆಡುವುದು ಹೆಚ್ಚಾಗಿ ಈ ಲೆಕ್ಕಾಚಾರದಿಂದಲೇ. ಸಮಭಾಜಕ ವೃತ್ತಕ್ಕೆ ಇಷ್ಟು ಸಮೀಪವಿರುವ ಉಷ್ಣವಲಯದ ದೇಶದಲ್ಲಿ ಏನನ್ನು ನೋಡಬೇಕು ಎಂಬುದಕ್ಕಿಂತ ಯಾವ ತಿಂಗಳಲ್ಲಿ ಯಾವ ದಿಕ್ಕಿಗೆ ಹೋಗಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಮೊದಲ ಹೆಜ್ಜೆ: ತಿಂಗಳನ್ನು ಹಿಡಿದು ದಿಕ್ಕನ್ನು ಆರಿಸಿ

ಶ್ರೀಲಂಕಾಕ್ಕೆ ಎರಡು ಮುಂಗಾರುಗಳಿವೆ ಎಂದರೆ ತಪ್ಪಾಗದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತಗಳು ಕೊಲಂಬೊ, ಗಾಲೆ, ರತ್ನಪುರ ಮತ್ತು ಬೆಟ್ಟನಾಡಿನ ಪಶ್ಚಿಮ ಇಳಿಜಾರುಗಳ ಮೇಲೆ ಮಳೆ ಸುರಿಸುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತಗಳು ಟ್ರಿಂಕೋಮಲಿ, ಬಟ್ಟಿಕಲೋವಾ ಮತ್ತು ಉತ್ತರದ ಬಯಲನ್ನು ತೋಯಿಸುತ್ತವೆ. ನಡುವಿನ ಬೆಟ್ಟಸಾಲು ನಮ್ಮ ಪಶ್ಚಿಮ ಘಟ್ಟ ಮಾಡುವ ಕೆಲಸವನ್ನೇ ಮಾಡುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹಿಡಿದಿರುವಾಗ ಚಿತ್ರದುರ್ಗದಲ್ಲಿ ಬಿಸಿಲು ಕಾಯುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಂದು ಕರಾವಳಿಯಲ್ಲಿ ಕಡಲು ಉಕ್ಕುತ್ತಿರುವಾಗ ಇನ್ನೊಂದು ಕರಾವಳಿಯಲ್ಲಿ ಅದು ಕೊಳದಂತೆ ತಣ್ಣಗಿರುತ್ತದೆ. ಆದ್ದರಿಂದ ಜುಲೈನಲ್ಲಿ ದಕ್ಷಿಣದ ಮಿರಿಸ್ಸಾದ ಕಡಲತೀರದಲ್ಲಿ ಕೋಣೆ ಕಾಯ್ದಿರಿಸುವುದೂ ಡಿಸೆಂಬರ್‌ನಲ್ಲಿ ಪೂರ್ವ ಕರಾವಳಿಯ ನೀಲಾವೇಲಿಗೆ ಹೊರಡುವುದೂ ಒಂದೇ ಬಗೆಯ ಅವಿವೇಕ.

ಇದನ್ನು ನಮ್ಮ ಶಾಲಾ ರಜೆಗಳಿಗೆ ಹೊಂದಿಸಿ ನೋಡೋಣ. ದಸರಾ ರಜೆ ಹೆಚ್ಚಾಗಿ ಬರುವ ಅಕ್ಟೋಬರ್‌ನಲ್ಲಿ ಎರಡು ಮಾರುತಗಳ ನಡುವಿನ ಮಳೆಗಾಲ ಆರಂಭವಾಗುತ್ತದೆ. ಆಗ ದ್ವೀಪದ ಯಾವ ಭಾಗದಲ್ಲಾದರೂ ಮಧ್ಯಾಹ್ನದ ನಂತರ ಗುಡುಗುಮಳೆ ಬರಬಹುದು, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯವೂ ಸೇರಿಕೊಳ್ಳುತ್ತದೆ. 2025ರ ನವೆಂಬರ್ ಕೊನೆಯಲ್ಲಿ ಅಪ್ಪಳಿಸಿದ ಡಿಟ್ವಾ ಚಂಡಮಾರುತ ಬೆಟ್ಟನಾಡಿನಲ್ಲಿ ಭಾರಿ ಭೂಕುಸಿತಗಳನ್ನು ಉಂಟುಮಾಡಿತು. ಏಪ್ರಿಲ್ ರಜೆ ಇದಕ್ಕಿಂತ ಮೇಲು. ಬೆಳಗಿನ ಹೊತ್ತು ಆಕಾಶ ಶುಭ್ರವಾಗಿರುವ ಸಂಭವ ಹೆಚ್ಚು, ಮಳೆ ಬಂದರೂ ಸಂಜೆಯತ್ತ ಬರುತ್ತದೆ. ಆದರೆ ಏಪ್ರಿಲ್ 13 ಮತ್ತು 14ರ ಆಸುಪಾಸಿನಲ್ಲಿ ಸಿಂಹಳೀಯರ ಮತ್ತು ತಮಿಳರ ಹೊಸ ವರ್ಷ ಬರುವುದರಿಂದ ಅಂಗಡಿಗಳು ಮುಚ್ಚಿರುತ್ತವೆ, ಬಸ್ಸುರೈಲುಗಳು ತುಂಬಿರುತ್ತವೆ. ರಜೆಯ ಹಂಗಿಲ್ಲದವರು ಫೆಬ್ರವರಿ ಅಥವಾ ಮಾರ್ಚ್ ತಿಂಗಳನ್ನು ಆರಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ, ಏಕೆಂದರೆ ಬೆಟ್ಟನಾಡು, ದಕ್ಷಿಣ ಕರಾವಳಿ ಮತ್ತು ಒಳನಾಡಿನ ಪ್ರಾಚೀನ ನಗರಗಳು ಮೂರೂ ಒಟ್ಟಿಗೆ ಒದಗುವುದು ಆಗಲೇ.

ಎರಡನೆಯ ಹೆಜ್ಜೆ: ಕಿಲೋಮೀಟರ್ ಮರೆತು ಗಂಟೆಗಳಲ್ಲಿ ಎಣಿಸಿ

ವಿಮಾನ ನಿಲ್ದಾಣವಿರುವುದು ಕೊಲಂಬೊ ನಗರದಲ್ಲಲ್ಲ, ಅದರ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದ ಕಟುನಾಯಕದಲ್ಲಿ. ಅಲ್ಲಿಂದ ಬಂಡೆಕೋಟೆಯ ಸಿಗಿರಿಯಾಗೆ ಸುಮಾರು 150 ಕಿಲೋಮೀಟರ್ ದಾರಿ ಇದ್ದರೂ ನಾಲ್ಕು ಗಂಟೆ ಬೇಕು. ಸಿಗಿರಿಯಾದಿಂದ ಕ್ಯಾಂಡಿಗೆ 90 ಕಿಲೋಮೀಟರಿನಷ್ಟು ದೂರ, ಎರಡೂವರೆಯಿಂದ ಮೂರು ಗಂಟೆ. ಕ್ಯಾಂಡಿಯಿಂದ ಬೆಟ್ಟನಾಡಿನ ‘ಎಲ್ಲಾ’ ಎಂಬ ಊರಿಗೆ ರೈಲಿನಲ್ಲಿ ಆರೇಳು ಗಂಟೆ. ಕೊಲಂಬೊದಿಂದ ದಕ್ಷಿಣಕ್ಕೆ ಹೋಗುವ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಬಿಟ್ಟರೆ ಪ್ರವಾಸಿಗರು ಓಡಾಡುವ ಬಹುಪಾಲು ರಸ್ತೆಗಳು ಊರುಗಳ ನಡುವೆಯೇ ಹಾಯುವ ಎರಡು ಪಥದ ರಸ್ತೆಗಳು.

ಇದಕ್ಕೆ ಹಗಲಿನ ಮಿತಿಯೂ ಸೇರುತ್ತದೆ. ವರ್ಷದ ಯಾವುದೇ ತಿಂಗಳಲ್ಲಿ ಸೂರ್ಯ ಆರರ ಆಸುಪಾಸಿನಲ್ಲಿ ಹುಟ್ಟಿ ಸಂಜೆ ಆರೂವರೆಯೊಳಗೆ ಮುಳುಗುತ್ತಾನೆ, ಮುಳುಗಿದ ಮೇಲೆ ಕತ್ತಲಾಗಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಯುರೋಪಿನ ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೆ ಸುತ್ತಾಡಿ ಬಂದವರಿಗೆ ಇದು ಹೊಸದೆನಿಸಬಹುದು. ಹನ್ನೆರಡು ಗಂಟೆಯ ಹಗಲಿನಲ್ಲಿ ಬಿಸಿಲು ಏರಿದ ನಾಲ್ಕು ಗಂಟೆಗಳನ್ನು ಕಳೆದರೆ ಉಳಿಯುವ ಹೊತ್ತು ಎಂಟೇ ಗಂಟೆ. ನಾಲ್ಕು ಗಂಟೆಯ ಪ್ರಯಾಣವಿರುವ ದಿನ ಇನ್ನೊಂದು ದೊಡ್ಡ ಜಾಗವನ್ನು ಅದರೊಳಗೆ ತುರುಕಬಾರದು. ಹೊರಾಂಗಣದ ನೋಟಗಳೆಲ್ಲ ಬೆಳಿಗ್ಗೆ, ಪ್ರಯಾಣ ಮತ್ತು ವಸ್ತುಸಂಗ್ರಹಾಲಯ ಮಧ್ಯಾಹ್ನ, ಪೇಟೆ ಮತ್ತು ದೇವಾಲಯ ಸಂಜೆ ಎಂಬ ಸರಳ ನಿಯಮ ಇಲ್ಲಿ ಚೆನ್ನಾಗಿ ನಡೆಯುತ್ತದೆ.

ಮೂರನೆಯ ಹೆಜ್ಜೆ: ತಂಗುದಾಣಗಳನ್ನು ನಾಲ್ಕಕ್ಕೆ ನಿಲ್ಲಿಸಿ

ಮೊದಲ ಪ್ರವಾಸಕ್ಕೆ ಒಂಬತ್ತು ಅಥವಾ ಹತ್ತು ರಾತ್ರಿಗಳು ಬೇಕು, ಅವಕ್ಕೆ ನಾಲ್ಕು ತಂಗುದಾಣಗಳು ಸಾಕು. ದಿನಕ್ಕೊಂದು ಊರಿನಲ್ಲಿ ಮಲಗುವ ಪ್ಯಾಕೇಜ್‌ಗಳು ಅಗ್ಗವೆನಿಸಿದರೂ ಅವುಗಳಲ್ಲಿ ನೋಡಲು ಸಿಗುವುದು ಮುಖ್ಯವಾಗಿ ವ್ಯಾನಿನ ಕಿಟಕಿ. ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗೆ ಹೋಗುವವರಿಗೆ ಸಿಗಿರಿಯಾ, ಕ್ಯಾಂಡಿ, ಎಲ್ಲಾ, ಗಾಲೆ ಎಂಬ ಸರದಿ ಸೂಕ್ತ. ಒಣ ಬಯಲು, ಬೆಟ್ಟ, ಕಡಲು ಎಂಬ ಕ್ರಮದಲ್ಲಿ ದಾರಿ ಸಾಗುವುದರಿಂದ ದಣಿವಿನ ಭಾಗಗಳೆಲ್ಲ ಮೊದಲೇ ಮುಗಿದು ವಿಶ್ರಾಂತಿ ಕೊನೆಗೆ ಉಳಿಯುತ್ತದೆ.

ಸಿಗಿರಿಯಾ ಅಥವಾ ಪಕ್ಕದ ಹಬರಣದಲ್ಲಿ ಮೂರು ರಾತ್ರಿ ಇರುವುದು ಒಳ್ಳೆಯದು. ಐದನೆಯ ಶತಮಾನದ ದೊರೆ ಕಾಶ್ಯಪ ಅರಮನೆ ಕಟ್ಟಿದ ಬಂಡೆಯನ್ನು ಸುಮಾರು 1,200 ಮೆಟ್ಟಿಲು ಹತ್ತಿ ಏರಬೇಕು, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಒಂಬತ್ತರ ನಂತರ ಬಂಡೆ ಕಾಯುತ್ತದೆ, ಕಬ್ಬಿಣದ ಮೆಟ್ಟಿಲುಗಳಲ್ಲಿ ಸಾಲು ಬೆಳೆಯುತ್ತದೆ. ಅದೇ ದಿನ ಸಂಜೆ ದಂಬುಳ್ಳದ ಐದು ಗುಹಾಲಯಗಳನ್ನು ನೋಡಬಹುದು. ಮರುದಿನವನ್ನು ಪೂರ್ತಿಯಾಗಿ ಹಳೆಯ ರಾಜಧಾನಿ ಪೊಲೊನ್ನರುವಕ್ಕೆ ಕೊಡಿ, ಬಾಡಿಗೆ ಸೈಕಲ್ ಸಿಗುತ್ತದೆ. ಗಲ್ ವಿಹಾರದ ಬುದ್ಧಮೂರ್ತಿಗಳನ್ನು ಎಲ್ಲರೂ ನೋಡುತ್ತಾರೆ, ಚೋಳರ ಕಾಲದ ಶಿವ ದೇವಾಲಯವನ್ನು ಹಲವರು ದಾಟಿಹೋಗುತ್ತಾರೆ. ಕನ್ನಡಿಗರು ಈ ಊರಿನಲ್ಲಿ ಇನ್ನೊಂದನ್ನು ನೆನೆಯಬಹುದು: ಹನ್ನೊಂದನೆಯ ಶತಮಾನದಲ್ಲಿ ಚೋಳರನ್ನು ಇಲ್ಲಿಂದ ಹೊರಗಟ್ಟಿದ ಸಿಂಹಳ ದೊರೆ ವಿಜಯಬಾಹು ಕರ್ಣಾಟ ದೊರೆಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿದನೆಂದೂ ಚೋಳರು ದಾರಿಯಲ್ಲೇ ಅವರ ಕಿವಿಮೂಗುಗಳನ್ನು ಕತ್ತರಿಸಿದರೆಂದೂ ಶ್ರೀಲಂಕಾದ ಹಳೆಯ ಇತಿಹಾಸಗ್ರಂಥ ‘ಚೂಳವಂಸ’ ಹೇಳುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಂದವರಿಗೆ ಇದೇ ತಂಗುದಾಣದಿಂದ ಮಿನ್ನೇರಿಯ ಕೆರೆಯ ಬತ್ತಿದ ಅಂಗಳದಲ್ಲಿ ನೂರಾರು ಆನೆಗಳು ಸೇರುವುದು ಕಾಣಸಿಗುತ್ತದೆ. ಇನ್ನೊಂದು ಹಳೆಯ ರಾಜಧಾನಿಯಾದ ಅನುರಾಧಪುರವನ್ನು ಮುಂದಿನ ಸಲಕ್ಕೆ ಬಿಡುವುದು ನನ್ನ ಸಲಹೆ. ಎರಡು ರಾಜಧಾನಿಗಳನ್ನು ಒಂದೇ ವಾರದಲ್ಲಿ ನೋಡಿದರೆ ಇಟ್ಟಿಗೆಯ ಸ್ತೂಪಗಳು ಮನಸ್ಸಿನಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ.

ಕ್ಯಾಂಡಿಗೆ ಎರಡು ರಾತ್ರಿ ಸಾಕು: ಒಂದು ಸಂಜೆ ಬುದ್ಧನ ದಂತಧಾತುವಿನ ದೇವಾಲಯಕ್ಕೆ, ಒಂದು ಬೆಳಿಗ್ಗೆ ಪೆರಾದೆನಿಯದ ಸಸ್ಯೋದ್ಯಾನಕ್ಕೆ. ಜುಲೈ ಅಥವಾ ಆಗಸ್ಟ್‌ನಲ್ಲಿ ನಡೆಯುವ ಎಸಳ ಪೆರಹರ ಉತ್ಸವ ನಿಮ್ಮ ಪ್ರವಾಸದ ದಿನಗಳಲ್ಲಿ ಬರುವುದಾದರೆ ಅದಕ್ಕಾಗಿಯೇ ಬನ್ನಿ, ಇಲ್ಲವೇ ಆ ವಾರ ಊರಿನತ್ತ ಸುಳಿಯಬೇಡಿ. ಅಲ್ಲಿಂದ ಚಹಾ ತೋಟಗಳ ನಡುವೆ ಎಲ್ಲಾಗೆ ಹೋಗುವ ರೈಲು ಇಡೀ ಪ್ರವಾಸದ ಅತಿ ಸೊಗಸಾದ ದಿನವಾಗಬಲ್ಲದು. ಈ ಮಾರ್ಗದ ಪಟ್ಟಿಪೊಲ ನಿಲ್ದಾಣ 1,891 ಮೀಟರ್ ಎತ್ತರದಲ್ಲಿದ್ದು ದೇಶದ ಅತಿ ಎತ್ತರದ ರೈಲು ನಿಲ್ದಾಣವೆನಿಸಿದೆ. ಮೊದಲ ದರ್ಜೆಯ ಹವಾನಿಯಂತ್ರಿತ ಬೋಗಿಯ ಕಿಟಕಿಗಳು ತೆರೆಯುವುದಿಲ್ಲವಾದ್ದರಿಂದ ಎರಡನೆಯ ದರ್ಜೆಯ ಕಾಯ್ದಿರಿಸಿದ ಆಸನವೇ ಮೇಲು. ಟಿಕೆಟ್ ಸಿಗದಿದ್ದರೆ ಕೊರಗಬೇಕಿಲ್ಲ. ಕಾರಿನಲ್ಲಿ ಹಪುತಳೆವರೆಗೆ ಹೋಗಿ ಅಲ್ಲಿಂದ ಎಲ್ಲಾವರೆಗಿನ ಒಂದು ಗಂಟೆಯ ದಾರಿಯನ್ನಷ್ಟೇ ಸಾಮಾನ್ಯ ಬೋಗಿಯಲ್ಲಿ ಕ್ರಮಿಸಬಹುದು. ಚಂಡಮಾರುತ ಮತ್ತು ಭೂಕುಸಿತಗಳಿಂದ ಈ ಮಾರ್ಗದ ಸಂಚಾರ ಕಡಿತಗೊಳ್ಳುವುದುಂಟು, ಹೊರಡುವ ಮುನ್ನ ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಎಂದು ವಿಚಾರಿಸಿಕೊಳ್ಳಿ.

ಎಲ್ಲಾದಲ್ಲಿ ಎರಡು ರಾತ್ರಿ ಕಳೆದು ದಕ್ಷಿಣಕ್ಕೆ ಇಳಿಯುವ ದಾರಿಯಲ್ಲಿ ವನ್ಯಜೀವಿಗಳನ್ನು ನೋಡಬೇಕೆನ್ನುವವರಿಗೆ ಯಾಲಾ ಮತ್ತು ಉಡವಲವೆ ಎಂಬ ಎರಡು ಆಯ್ಕೆಗಳಿವೆ. ಯಾಲಾ ಚಿರತೆಗೆ ಹೆಸರಾದದ್ದು, ಆದರೆ ಒಂದು ಚಿರತೆಯ ಸುತ್ತ ಹತ್ತಾರು ಜೀಪುಗಳು ನೆರೆಯುವುದೂ ಅಲ್ಲಿ ಮಾಮೂಲು. ಆನೆಗಳನ್ನು ನೆಮ್ಮದಿಯಿಂದ ನೋಡಲು ಉಡವಲವೆ ಲೇಸು. ಬಂಡೀಪುರ, ನಾಗರಹೊಳೆಗಳನ್ನು ಕಂಡವರು ಎರಡನ್ನೂ ಬಿಟ್ಟು ನೇರವಾಗಿ ಕಡಲಿಗೆ ಇಳಿದರೆ ನಷ್ಟವಿಲ್ಲ. ಕೊನೆಯ ಎರಡು ಮೂರು ರಾತ್ರಿಗಳಿಗೆ ಗಾಲೆಯ ಡಚ್ ಕೋಟೆಯೊಳಗಾಗಲಿ ಉನವಟುನ, ಮಿರಿಸ್ಸಾದ ತೀರದಲ್ಲಾಗಲಿ ತಂಗಬಹುದು. ತಿಮಿಂಗಿಲ ನೋಡಲು ದೋಣಿಗಳು ಹೊರಡುವುದು ಮಿರಿಸ್ಸಾದಿಂದ. ಅದಕ್ಕೆ ಡಿಸೆಂಬರ್‌ನಿಂದ ಏಪ್ರಿಲ್ ಸರಿಯಾದ ಕಾಲ.

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಗಾಲೆಯ ಜಾಗದಲ್ಲಿ ಟ್ರಿಂಕೋಮಲಿಯನ್ನು ಇಟ್ಟು ಸರದಿಯನ್ನು ತಿರುಗಿಸಬೇಕು: ಮೊದಲು ಕ್ಯಾಂಡಿ, ಆಮೇಲೆ ಸಿಗಿರಿಯಾ, ಕೊನೆಗೆ ಪೂರ್ವದ ಕಡಲು. ಎಲ್ಲಾಗೆ ಹೋಗುವ ಆಸೆಯನ್ನು ಈ ಸಲ ಕೈಬಿಟ್ಟರೆ ದಾರಿ ಹಗುರವಾಗುತ್ತದೆ. ಕೋಣೇಶ್ವರ ದೇವಾಲಯವಿರುವ ಬಂಡೆಯ ಕೆಳಗೆ ಆಗ ಕಡಲು ಶಾಂತವಾಗಿರುತ್ತದೆ, ನೀಲಾವೇಲಿಯಿಂದ ದೋಣಿಯಲ್ಲಿ ಪಾರಿವಾಳ ದ್ವೀಪಕ್ಕೆ ಹೋಗಿ ಹವಳದ ದಿಬ್ಬಗಳ ನಡುವೆ ಈಜಬಹುದು.

ನಾಲ್ಕನೆಯ ಹೆಜ್ಜೆ: ಏನನ್ನು ಮೊದಲು ಕಾಯ್ದಿರಿಸಬೇಕು

ವೀಸಾ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿರುವುದರಿಂದ ಮೊದಲು ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಭಾರತೀಯರಿಗೆ ಅಂದು ಅನ್ವಯಿಸುವ ನಿಯಮವನ್ನು ಓದಿ, ಅದೇ ತಾಣದಲ್ಲಿ ಅರ್ಜಿ ಹಾಕಿ. ಅದನ್ನು ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ಆಮೇಲೆ ವಿಮಾನ, ಆಮೇಲೆ ರೈಲಿನ ಟಿಕೆಟ್. ಸುಮಾರು ಒಂದು ತಿಂಗಳು ಮುಂಚೆ ಬಿಡುಗಡೆಯಾಗುವ ಕ್ಯಾಂಡಿ–ಎಲ್ಲಾ ಆಸನಗಳು ಬೇಗ ಖಾಲಿಯಾಗುವುದರಿಂದ, ರೈಲಿನ ದಿನ ಖಚಿತವಾದ ಮೇಲೆಯೇ ಕ್ಯಾಂಡಿ ಮತ್ತು ಎಲ್ಲಾದ ಕೋಣೆಗಳನ್ನು ಹಿಡಿಯುವುದು ಜಾಣತನ. ಮೂರು ನಾಲ್ಕು ಜನರ ಕುಟುಂಬಕ್ಕೆ ಚಾಲಕನ ಸಮೇತ ಕಾರು ಗೊತ್ತುಮಾಡಿಕೊಳ್ಳುವುದು ಬಸ್ಸಿಗಿಂತ ಅನುಕೂಲ. ಚಾಲಕನ ಊಟ, ವಸತಿ, ಇಂಧನ ಮತ್ತು ಟೋಲ್ ದರದಲ್ಲಿ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೊಲಂಬೊ, ಕ್ಯಾಂಡಿಗಳಲ್ಲಿ ವಾಹನ ಕರೆಸುವ ಪಿಕ್‌ಮಿ ಆ್ಯಪ್ ಆಟೋದ ಚೌಕಾಸಿಯನ್ನು ತಪ್ಪಿಸುತ್ತದೆ.

ಪ್ರವೇಶ ಶುಲ್ಕಗಳು ವಿದೇಶಿಯರಿಗೆ ಡಾಲರ್ ಲೆಕ್ಕದಲ್ಲಿದ್ದು ದುಬಾರಿಯಾಗಿವೆ. ಆದರೆ ಸಿಗಿರಿಯಾ ಸೇರಿದಂತೆ ಹಲವೆಡೆ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶಗಳ ನಾಗರಿಕರಿಗೆ ಕಡಿಮೆ ದರವಿದೆ. ಅದನ್ನು ನೀವಾಗಿಯೇ ಕೇಳಬೇಕು, ಪಾಸ್‌ಪೋರ್ಟ್ ತೋರಿಸಬೇಕು. 2024ರ ಫೆಬ್ರವರಿಯಲ್ಲಿ ಅಲ್ಲಿ ಯುಪಿಐ ಪಾವತಿಗೆ ಚಾಲನೆ ಸಿಕ್ಕಿದ್ದರೂ ಹಳ್ಳಿಯ ಅಂಗಡಿಗಳಿಗೆ ಸ್ಥಳೀಯ ನಗದು ಇಟ್ಟುಕೊಂಡಿರಲೇಬೇಕು.

ಕ್ಯಾಲೆಂಡರಿನಲ್ಲಿ ಹುಣ್ಣಿಮೆಯನ್ನು ಗುರುತು ಹಾಕಿಕೊಳ್ಳಿ. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ಎಂಬ ಸಾರ್ವಜನಿಕ ರಜೆ. ಮದ್ಯ ಮಾರಾಟ ಇರುವುದಿಲ್ಲ, ವಿಹಾರಗಳಲ್ಲಿ ಬಿಳಿ ಬಟ್ಟೆ ತೊಟ್ಟ ಭಕ್ತರು ತುಂಬಿರುತ್ತಾರೆ. ಬೇರೆ ದಿನಗಳಲ್ಲೂ ವಿಹಾರಗಳಲ್ಲಿ ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಚಪ್ಪಲಿ ಮತ್ತು ಟೋಪಿ ತೆಗೆಯಬೇಕು. ಕಾದ ಕಲ್ಲುಹಾಸಿನ ಮೇಲೆ ನಡೆಯಲು ಕಾಲುಚೀಲವಿದ್ದರೆ ಪಾದ ಉಳಿಯುತ್ತದೆ. ಬುದ್ಧಮೂರ್ತಿಗೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳುವುದು ಅಗೌರವ.

ಐದನೆಯ ಹೆಜ್ಜೆ: ಚೀಲ, ಆರೋಗ್ಯ, ಊಟ

ಹತ್ತಿಯ ಬಟ್ಟೆಗಳ ಜೊತೆಗೆ ಒಂದು ಸ್ವೆಟರ್ ಇರಲಿ. ಬೆಟ್ಟನಾಡಿನಲ್ಲಿ ಸುಮಾರು 1,870 ಮೀಟರ್ ಎತ್ತರದ ನುವರ ಎಲಿಯದ ರಾತ್ರಿಗಳು ಚಳಿಯವು. ಅಲ್ಲಿನ ಪ್ಲಗ್‌ಗಳು ಎರಡು ಮೂರು ಬಗೆಯವಾದ್ದರಿಂದ ಅಡಾಪ್ಟರ್ ಬೇಕು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾ ಮುಕ್ತವೆಂದು ಘೋಷಿಸಿದೆ, ಆದರೆ ಡೆಂಗಿ ವರ್ಷವಿಡೀ ಇರುತ್ತದೆ. ಡೆಂಗಿಯ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಮುಲಾಮನ್ನು ರಾತ್ರಿಗೆಂದು ಎತ್ತಿಡಬಾರದು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ತರಕಾರಿಯ ಪಲ್ಯ ಮತ್ತು ತೆಂಗಿನ ತುರಿಯ ಪೊಲ್ ಸಂಬೋಲಕ್ಕೆ ಉಂಬಲಕಡ ಎಂಬ ಒಣಮೀನಿನ ಪುಡಿ ಬೆರೆಸುವುದು ಅಲ್ಲಿ ಸಾಮಾನ್ಯ, ಅದನ್ನು ಮಾಂಸಾಹಾರವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ವೆಜ್’ ಎಂದಷ್ಟೇ ಹೇಳದೆ ಉಂಬಲಕಡ ಬೇಡವೆಂದು ಹೆಸರು ಹಿಡಿದು ಹೇಳಬೇಕು, ಅಥವಾ ತಮಿಳರು ನಡೆಸುವ ‘ಶೈವ’, ಅಂದರೆ ಸಸ್ಯಾಹಾರಿ, ಹೋಟೆಲುಗಳನ್ನು ಹುಡುಕಬೇಕು. ಟ್ರಿಂಕೋಮಲಿಯಲ್ಲಿ ಅವು ಸುಲಭವಾಗಿ ಸಿಗುತ್ತವೆ.

ಕೊನೆಯ ರಾತ್ರಿಯ ತಂಗುದಾಣವನ್ನು ವಿಮಾನದ ಹೊತ್ತು ನೋಡಿ ಗೊತ್ತುಮಾಡಿ. ಸಂಜೆಯ ವಿಮಾನವಾದರೆ ಗಾಲೆಯಿಂದ ಬೆಳಿಗ್ಗೆ ಹೊರಟು, ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿದು, ಕೊಲಂಬೊದಲ್ಲಿ ಊಟ ಮುಗಿಸಿ ಕಟುನಾಯಕ ತಲುಪಬಹುದು. ಬೆಳಗಿನ ವಿಮಾನವಾದರೆ, ಅಥವಾ ಟ್ರಿಂಕೋಮಲಿಯ ಕಡೆಯಿಂದ ಬರುವುದಾದರೆ, ನಿಲ್ದಾಣಕ್ಕೆ ಹತ್ತಿರವಿರುವ ನೆಗೊಂಬೊದಲ್ಲಿ ಹಿಂದಿನ ರಾತ್ರಿಯೇ ಬಂದು ಮಲಗಿ.