ಬೋರ್‌ವೆಲ್ ನೀರಿಗೆ ಮಂಕಾದ ಬಿಳಿ ಬೆಡ್‌ಶೀಟ್: ನನ್ನ ಅನುಭವ

ನಮ್ಮ ಬಡಾವಣೆಗೆ ಬೋರ್‌ವೆಲ್ ನೀರೇ ಗತಿ. ಬಿಳಿ ಕಾಟನ್ ಬೆಡ್‌ಶೀಟ್‌ಗಳು ಬರಬರುತ್ತಾ ಬೂದಿ ಬಣ್ಣಕ್ಕೆ ತಿರುಗಿ, ಒಣಗಿದ ಮೇಲೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತಿದ್ದವು. ಸೋಪು ಜಾಸ್ತಿ ಉಜ್ಜಿದಷ್ಟೂ ಮಂಕು ಜಾಸ್ತಿ. ಕಾರಣ ಕೊಳೆಯಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ನೂಲಿಗೆ ಅಂಟಿಕೊಳ್ಳುವ ಜಿಡ್ಡು.

ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕೈಹಿಡಿಯಿತು. ಅರ್ಧ ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಕರಗಿಸಿ, ಒಗೆದ ಶೀಟನ್ನೇ ಮತ್ತೆ ಒಂದು ಗಂಟೆ ನೆನೆಹಾಕಿದೆ. ನೀರು ಕದಡಿಹೋಯಿತು! ಚೆನ್ನಾಗಿ ಜಾಲಿಸಿ ಒಣಹಾಕಿದರೆ ಬಟ್ಟೆ ಕೈಗೆ ಮೆತ್ತಗೆ ಸಿಕ್ಕಿತು. ಇದರ ಜೊತೆ ಬ್ಲೀಚ್ ಮಾತ್ರ ಬೆರೆಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ನೀರಲ್ಲಿ ಕಬ್ಬಿಣದಂಶ ಇದ್ದರಂತೂ ಬ್ಲೀಚ್‌ನಿಂದ ಹಳದಿ ಕಲೆ ಇನ್ನೂ ಗಟ್ಟಿಯಾಗುತ್ತದೆ.

ಬಟ್ಟೆ ಮೆತ್ತಗಾಗಲೆಂದು ಹಾಕುವ ಫ್ಯಾಬ್ರಿಕ್ ಕಂಡೀಷನರ್ ಹಾಕುವುದನ್ನೂ ಬಿಟ್ಟೆ. ಅದರ ಪದರ ಕೂತರೆ ಕಾಟನ್ ಬೆವರು ಹೀರುವುದು ಕಡಿಮೆಯಾಗುತ್ತದೆ.

ಹೊಸದು ಕೊಳ್ಳುವಾಗ ಥ್ರೆಡ್ ಕೌಂಟ್ (ಒಂದು ಚದರ ಇಂಚಿನಲ್ಲಿ ಉದ್ದ-ಅಡ್ಡ ಸೇರಿ ಇರುವ ನೂಲುಗಳ ಲೆಕ್ಕ) 1000 ಅಂತ ಕಂಡರೆ ನಾನು ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಅದು ಬಹುತೇಕ ಹುರಿಯೊಳಗಿನ ಎಳೆಗಳನ್ನೂ ಬಿಡಿಬಿಡಿಯಾಗಿ ಎಣಿಸಿದ ಲೆಕ್ಕ. 200ರಿಂದ 400ರೊಳಗಿನ ಪರ್ಕೇಲ್ (ಒತ್ತಾದ ಸಾದಾ ನೇಯ್ಗೆಯ ಬಟ್ಟೆ) ನಮ್ಮ ಸೆಕೆಗೆ ಧಾರಾಳ ಸಾಕು.